ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮುನ್ನ ಅದರ ಜನಪ್ರಿಯತೆಯನ್ನು ಒರೆಗೆ ಹಚ್ಚುವ ಬಗೆ

ಮೈಸೂರಿನ ಯಾವ ವಾದ್ಯದ ಅಂಗಡಿಗೆ ಹೋದರೂ ಗೋಡೆಗೆ ತೂಗುಹಾಕಿದ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಬಹುಪಾಲು ಮೂರೇ ಕುಲಕ್ಕೆ ಸೇರಿರುತ್ತವೆ. ಎರಡು ಕೊಂಬುಗಳ ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿ, ಒಂದೇ ಕೊಂಬಿನ ದಪ್ಪ ಮೈಯ ಲೆಸ್ ಪಾಲ್ ಮಾದರಿ, ಮತ್ತು ಚೂಪು ಕೊಂಬು, ತೆಳು ನೆಕ್ (ಬೆರಳಾಡಿಸುವ ಉದ್ದನೆಯ ಕತ್ತು) ಇರುವ 'ಮೆಟಲ್' ಮಾದರಿ. ಮೊದಲನೆಯದು 1954ರಲ್ಲಿ, ಎರಡನೆಯದು 1952ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ವಿನ್ಯಾಸ. ಮೂರನೆಯದು 1980ರ ದಶಕದಲ್ಲಿ ರೂಪುಗೊಂಡಿತು. ಮಗಳಿಗೆ ಮೊದಲ ಗಿಟಾರ್ ಕೊಡಿಸಲು ಬಂದ ತಂದೆತಾಯಿಗಾಗಲಿ, ಆರ್ಕೆಸ್ಟ್ರಾದಲ್ಲಿ ನುಡಿಸಿ ದುಡ್ಡು ಕೂಡಿಟ್ಟು ಒಳ್ಳೆಯ ವಾದ್ಯ ಹುಡುಕುತ್ತಿರುವ ಹುಡುಗನಿಗಾಗಲಿ ಅಂಗಡಿಯವರು ಹೇಳುವುದು ಒಂದೇ ಮಾತು: "ಇದೇ ಸರ್, ಜಾಸ್ತಿ ಓಡೋದು." ಆ ಮಾತು ಸಾಮಾನ್ಯವಾಗಿ ನಿಜವೇ ಆಗಿರುತ್ತದೆ. ಆದರೆ ಅದು ಏಕೆ ಓಡುತ್ತದೆ, ಅದರಲ್ಲಿ ವಾದ್ಯದ ಗುಣವೆಷ್ಟು, ಮಾರುವವರ ಜಾಣ್ಮೆಯೆಷ್ಟು ಎಂಬುದನ್ನು ಬಿಡಿಸಿ ನೋಡಲು ಬಂದರೆ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದು ಕೊಳ್ಳುವವರಿಗೆ ತಿಳಿಯುತ್ತದೆ. ಹಾಗೆ ಬಿಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪ್ರತಿಯೊಂದು ಅಂಶವನ್ನೂ ಯಾರಿಗಾಗಿ ಮಾಡಿದರು ಎಂದು ಕೇಳಿ

ಗಿಟಾರನ್ನು ಕೈಗೆತ್ತಿಕೊಂಡಾಗ ಕಾಣುವ ಒಂದೊಂದು ಅಂಶದ ಬಗ್ಗೆಯೂ ಈ ಪ್ರಶ್ನೆ ಹಾಕಿಕೊಳ್ಳಬೇಕು: ಇದು ನುಡಿಸುವವರ ಕೈ ಮತ್ತು ಕಿವಿಗಾಗಿ ಬಂದದ್ದೋ, ಕಾರ್ಖಾನೆಯ ಖರ್ಚು ಇಳಿಸಲು ಬಂದದ್ದೋ, ಅಥವಾ ಅಂಗಡಿಯ ಗಾಜಿನ ಹಿಂದೆ ಚೆನ್ನಾಗಿ ಕಾಣಲೆಂದು ಬಂದದ್ದೋ? ಉಳಿದು ಬೆಳೆದ ವಿನ್ಯಾಸಗಳಲ್ಲಿ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ.

ಸ್ಟ್ರ್ಯಾಟೊಕ್ಯಾಸ್ಟರ್ ತಂದ ಫೆಂಡರ್ ಕಂಪನಿಯನ್ನು ಕಟ್ಟಿದ ಲಿಯೊ ಫೆಂಡರ್ ರೇಡಿಯೊ ರಿಪೇರಿಯಿಂದ ಈ ಕಸುಬಿಗೆ ಬಂದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಅವರ ಕಾರ್ಖಾನೆಯಿಂದ ಬಂದ ಗಟ್ಟಿ ಮರದ ಗಿಟಾರಿನ ನೆಕ್ಕನ್ನು ಅಂಟು ಹಾಕಿ ಕೂಡಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿಯಲಾಗಿತ್ತು. ನುರಿತ ಕುಶಲಕರ್ಮಿಯ ದಿನಗಟ್ಟಲೆ ಕೆಲಸ ಉಳಿಯಿತೆಂಬುದು ಕಾರ್ಖಾನೆಯ ಲಾಭ. ನೆಕ್ ಸವೆದರೆ ಅಥವಾ ಸೊಟ್ಟಗಾದರೆ ಬಿಚ್ಚಿ ಬೇರೆ ಹಾಕಬಹುದೆಂಬುದು ನುಡಿಸುವವರ ಲಾಭ. ಆ ಗಿಟಾರಿಗೆ ಮೊದಲು ಇಟ್ಟ ಹೆಸರು ಬ್ರಾಡ್‌ಕ್ಯಾಸ್ಟರ್. ಗ್ರೆಚ್ ಕಂಪನಿಯ ಡ್ರಮ್‌ಗಳಿಗೆ ಅದೇ ಉಚ್ಚಾರಣೆಯ ಹೆಸರಿದ್ದು ಆಕ್ಷೇಪ ಬಂದುದರಿಂದ 1951ರಲ್ಲಿ ಅದನ್ನು ಕೈಬಿಟ್ಟರು. ಮಾರಾಟದ ಹೊಣೆ ಹೊತ್ತಿದ್ದ ಡಾನ್ ರ‍್ಯಾಂಡಲ್ ಆಗ ಮನೆಮನೆಗೂ ಬರುತ್ತಿದ್ದ ಟೆಲಿವಿಷನ್‌ನ ಹೊಸತನವನ್ನು ಹಿಡಿದು ಟೆಲಿಕ್ಯಾಸ್ಟರ್ ಎಂಬ ಹೆಸರನ್ನು ಕೊಟ್ಟರು. ಮರವೂ ತಂತಿಯೂ ಅವೇ ಇದ್ದವು. ಹೆಸರು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿತು.

ಸ್ಟ್ರ್ಯಾಟೊಕ್ಯಾಸ್ಟರ್‌ನಲ್ಲಿ ಈ ಹೆಣಿಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಟೆಲಿಕ್ಯಾಸ್ಟರ್‌ನ ಹಲಗೆಯಂಥ ಅಂಚು ಪಕ್ಕೆಗೆ ಒತ್ತುತ್ತದೆ ಎಂದು ವಾದಕರು ದೂರಿದ್ದರಿಂದ ಹೊಸ ಗಿಟಾರಿನ ಹಿಂಬದಿಯನ್ನೂ ಬಲಗೈ ಊರುವ ಜಾಗವನ್ನೂ ಕೆತ್ತಿ ನಯಗೊಳಿಸಿದರು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮೂರು ಪಿಕಪ್‌ಗಳನ್ನು ಆರಿಸಿಕೊಳ್ಳಲು ಮೂರು ಸ್ಥಾನಗಳ ಸ್ವಿಚ್ ಇಟ್ಟರು. ವಾದಕರು ಆ ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಉಪಾಯವಾಗಿ ನಿಲ್ಲಿಸಿ, ಎರಡು ಪಿಕಪ್‌ಗಳು ಒಟ್ಟಿಗೆ ಕೊಡುವ ಟೊಳ್ಳಾದ, ಮಿನುಗುವ ನಾದವನ್ನು ಕಂಡುಕೊಂಡರು. ಕಂಪನಿ ಐದು ಸ್ಥಾನಗಳ ಸ್ವಿಚ್ ಹಾಕಿದ್ದು 1977ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷಗಳ ನಂತರ. ಇಂದು ಸ್ಟ್ರ್ಯಾಟ್ ನಾದವೆಂದು ಜಾಹೀರಾತುಗಳು ಹೊಗಳುವ ಧ್ವನಿಯ ಒಂದು ದೊಡ್ಡ ಭಾಗ ಹೀಗೆ ಬಳಸುವವರ ಕೈಯಿಂದ ಬಂದದ್ದು.

ಗಿಬ್ಸನ್ ಕಂಪನಿಯ ದಾರಿ ಬೇರೆ. ಗಟ್ಟಿ ಮರದ ಗಿಟಾರಿನ ಯೋಚನೆಯನ್ನು ಹಿಡಿದು ಬಂದ ಲೆಸ್ ಪಾಲ್ ಎಂಬ ವಾದಕನನ್ನು ಅದು ಮೊದಲು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಫೆಂಡರ್ ಗಿಟಾರ್‌ಗಳು ಮಾರಾಟವಾಗತೊಡಗಿದ ಮೇಲೆ, ಅಷ್ಟರಲ್ಲಿ ರೇಡಿಯೊ ಮತ್ತು ರೆಕಾರ್ಡುಗಳಿಂದ ಮನೆಮಾತಾಗಿದ್ದ ಅದೇ ಲೆಸ್ ಪಾಲ್ ಹೆಸರಿನಲ್ಲಿ ಚಿನ್ನದ ಬಣ್ಣ ಬಳಿದ ಗಿಟಾರನ್ನು 1952ರಲ್ಲಿ ಹೊರತಂದಿತು. ಕಲಾವಿದನ ಹೆಸರು, ದುಬಾರಿಯಾಗಿ ಕಾಣುವ ಬಣ್ಣ, ಹಳೆಯ ಕಂಪನಿಯ ಘನತೆ ಎಲ್ಲವೂ ಇದ್ದರೂ ಮೊದಲ ಗಿಟಾರ್‌ಗಳಲ್ಲಿ ತಂತಿಗಳು ಬ್ರಿಡ್ಜಿನ (ಮೈಯ ಮೇಲೆ ತಂತಿಗಳು ಊರುವ ಭಾಗದ) ಕಂಬಿಯ ಕೆಳಗಿಂದ ಹಾದುಹೋಗುತ್ತಿದ್ದುದರಿಂದ ಅಂಗೈಯಿಂದ ತಂತಿಯನ್ನು ಅದುಮಿ ನುಡಿಸುವುದು ಕಷ್ಟವಾಗುತ್ತಿತ್ತು. ದೋಷಗಳನ್ನು ಸರಿಪಡಿಸಿ, 1957ರಲ್ಲಿ ಸೆತ್ ಲವರ್ ರೂಪಿಸಿದ ಹಂಬಕರ್ (ಎರಡು ಸುರುಳಿಯ, ಹೊರಗಿನ ಸದ್ದನ್ನು ಅಡಗಿಸುವ) ಪಿಕಪ್ಪನ್ನೂ ಸೇರಿಸಿದರು. ಆದರೂ ಮಾರಾಟ ಏರಲಿಲ್ಲ. 1961ರಲ್ಲಿ ಆ ಆಕಾರವನ್ನೇ ನಿಲ್ಲಿಸಿ ತೆಳುವಾದ ಎರಡು ಕೊಂಬಿನ ಗಿಟಾರ್ ತಂದರು. ಅನಂತರ ಎರಿಕ್ ಕ್ಲಾಪ್ಟನ್‌ರಂಥ ಬ್ಲೂಸ್ ವಾದಕರು ಸೆಕೆಂಡ್ ಹ್ಯಾಂಡ್ ಲೆಸ್ ಪಾಲ್‌ಗಳನ್ನು ಹಿಡಿದು, ಆಂಪ್ಲಿಫೈಯರನ್ನು ಮಿತಿಮೀರಿ ಏರಿಸಿ ನುಡಿಸಿದಾಗ ಬೇಡಿಕೆ ಎದ್ದಿತು, 1968ರಲ್ಲಿ ಕಂಪನಿ ಅದನ್ನು ಮತ್ತೆ ತಯಾರಿಸತೊಡಗಿತು. ಕೊಳ್ಳುವವರು ಇದರಿಂದ ತಿಳಿಯಬೇಕಾದದ್ದು ಇಷ್ಟು: ಒಂದು ಮಾದರಿ ಇಂದು ಎಷ್ಟು ಪೂಜ್ಯವಾಗಿದ್ದರೂ ಅದು ತನ್ನ ಕಾಲದಲ್ಲೇ ಸೋತಿದ್ದಿರಬಹುದು. ಹಾಗಾಗಿ ಪರಂಪರೆಯ ಹೆಸರಿನಲ್ಲಿ ಹೆಚ್ಚು ಬೆಲೆ ಕೇಳಿದಾಗ, ಆ ಪರಂಪರೆ ಯಾವ ಅಂಶದ ಮೇಲೆ ನಿಂತಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಸೋತ ವಿನ್ಯಾಸಗಳನ್ನೂ ನೋಡಿ

ಗೆದ್ದವುಗಳನ್ನು ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಗಿಬ್ಸನ್ 1958ರಲ್ಲಿ ತಂದ, ಬಾಣದ ಮೊನೆಯಂತಿರುವ ಫ್ಲೈಯಿಂಗ್ ವಿ ಆಗ ನೂರೂ ಮಾರಾಟವಾಗದೆ ನಿಂತುಹೋಯಿತು. ಹೆವಿ ರಾಕ್ ಬಂದ ಮೇಲೆ ಅದೇ ಆಕಾರ ವೇದಿಕೆಯ ಅಲಂಕಾರವಾಯಿತು. ಕುಳಿತು ನುಡಿಸುವಾಗ ಅದು ತೊಡೆಯಿಂದ ಜಾರುತ್ತದೆ ಎಂಬುದು ಆಗಲೂ ನಿಜವಾಗಿತ್ತು, ಈಗಲೂ ನಿಜ. ಮೊದಲ ಗಿಟಾರಾಗಿ ಅದನ್ನು ಕೊಡಿಸಬೇಡಿ. ಕಲಿಯುವವರು ಹೆಚ್ಚು ಹೊತ್ತು ಕುಳಿತೇ ಅಭ್ಯಾಸ ಮಾಡುತ್ತಾರೆ. ಫೆಂಡರ್ ಅದೇ 1958ರಲ್ಲಿ ಜಾಝ್ ವಾದಕರಿಗೆಂದು ಹೆಸರಿನಲ್ಲೇ ಸಾರಿ ಜಾಝ್‌ಮಾಸ್ಟರ್ ತಂದಿತು. ಜಾಝ್ ವಾದಕರು ಅದರತ್ತ ತಿರುಗಿ ನೋಡಲಿಲ್ಲ. ಕಡಲ ತೀರದ ಸರ್ಫ್ ಸಂಗೀತದ ಹುಡುಗರೂ, ಮುಂದೆ ಅದು ಹಳೆಯ ಸಾಮಾನಿನ ಬೆಲೆಗೆ ಸಿಗುವಂತಾದಾಗ ಪಂಕ್ ಮತ್ತು ಇಂಡಿ ತಂಡಗಳೂ ಅದನ್ನು ಕೈಗೆತ್ತಿಕೊಂಡವು.

ತೀರಾ ಈಚಿನ ಉದಾಹರಣೆ ಗಿಬ್ಸನ್‌ನ 2015ರ ಗಿಟಾರ್‌ಗಳು. ತಾನೇ ಶ್ರುತಿ ಮಾಡಿಕೊಳ್ಳುವ ಯಾಂತ್ರಿಕ ಬಿರಡೆಗಳು, ಅಗಲಗೊಳಿಸಿದ ನೆಕ್, ಹಿತ್ತಾಳೆಯ ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಊರುವ ಪಟ್ಟಿ), ಇವೆಲ್ಲವನ್ನೂ ಒಟ್ಟಿಗೆ ಬಹುತೇಕ ಮಾದರಿಗಳ ಮೇಲೆ ಹೇರಿ ಬೆಲೆಯನ್ನೂ ಏರಿಸಿದರು. ಒಂದೊಂದಕ್ಕೂ ಸಮರ್ಥನೆ ಇತ್ತು. ಆದರೆ ಹಳೆಯ ರೂಪಕ್ಕಾಗಿಯೇ ಹಣ ಕೊಡುವ ಗಿರಾಕಿಯ ಮುಂದೆ ಆ ರೂಪವನ್ನೇ ಕದಲಿಸಿದ್ದರಿಂದ ಅವು ಅಂಗಡಿಗಳಲ್ಲಿ ಉಳಿದವು. ಕಂಪನಿ ಮರುವರ್ಷವೇ ಹಿಂದೆ ಸರಿಯಿತು.

ವಿನ್ಯಾಸ ಸರಿಯಾಗಿದ್ದರೂ ಅದು ಹರಡದೆ ಉಳಿಯಬಹುದೆಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ. ತಿರುಮಕೂಡಲಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳಗಿದ ಟಿ. ಚೌಡಯ್ಯನವರು, ಮೈಕ್ ಇಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿನವರೆಗೂ ಮುಟ್ಟಲೆಂದು ಏಳು ತಂತಿಯ ಪಿಟೀಲನ್ನು ರೂಢಿಸಿಕೊಂಡರು. ತೊಂದರೆ ನಿಜವಾದದ್ದು, ಪರಿಹಾರವೂ ನಿಜವಾದದ್ದು. ಆದರೆ ಆ ವಾದ್ಯವನ್ನು ಸಾಲುಸಾಲಾಗಿ ತಯಾರಿಸಿ ಮಾರುವ ಕಾರ್ಖಾನೆ ಹುಟ್ಟಲಿಲ್ಲ, ಅಷ್ಟರಲ್ಲಿ ಮೈಕ್ ಬಂದು ಅದರ ಅಗತ್ಯವನ್ನೇ ಕಡಿಮೆ ಮಾಡಿತು, ಮತ್ತು ಏಳು ತಂತಿ ಹೆಚ್ಚಾಗಿ ಅವರ ಹೆಸರಿನೊಂದಿಗೇ ಉಳಿಯಿತು. ಲಿಯೊ ಫೆಂಡರ್‌ಗೆ ಡಾನ್ ರ‍್ಯಾಂಡಲ್ ಎಂಬ ಮಾರಾಟಗಾರ ಇದ್ದುದರ ಬೆಲೆ ಇಲ್ಲಿ ತಿಳಿಯುತ್ತದೆ.

ಕೈ ಮತ್ತು ಕಿವಿಯಿಂದ ಪರೀಕ್ಷಿಸಬೇಕಾದವು

ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಅಂಶಗಳೇ ಪ್ರತಿದಿನದ ನುಡಿಸಾಣಿಕೆಯನ್ನು ನಿರ್ಧರಿಸುತ್ತವೆ. ಮೊದಲನೆಯದು ತಂತಿಯ ಉದ್ದ. ಫೆಂಡರ್ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ 25.5 ಇಂಚು, ಗಿಬ್ಸನ್ ಮಾದರಿಗಳಲ್ಲಿ ಸುಮಾರು 24.75 ಇಂಚು. ಮುಕ್ಕಾಲು ಇಂಚಿನ ಅಂತರದಿಂದ ಏನಾಗುತ್ತದೆ ಎನಿಸಬಹುದು. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಗಿಡ್ಡ ಅಳತೆಯಲ್ಲಿ ಬಿಗಿ ಕಡಿಮೆ ಇರುತ್ತದೆ, ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ನಡುವಿನ ಅಂತರವೂ ತುಸು ಕಿರಿದಾಗುತ್ತದೆ. ಚಿಕ್ಕ ಕೈಯವರಿಗೆ ಇದು ಅನುಕೂಲ.

ಎರಡನೆಯದು ಬೆರಳುಹಲಗೆಯ ಉಬ್ಬು. ಹಳೆಯ ಸ್ಟ್ರ್ಯಾಟ್‌ಗಳಲ್ಲಿ ಇದರ ತ್ರಿಜ್ಯ 7.25 ಇಂಚು, ಅಂದರೆ ಹಲಗೆ ಚೆನ್ನಾಗಿ ಉಬ್ಬಿರುತ್ತದೆ. ಇಂದಿನ ಫೆಂಡರ್‌ಗಳಲ್ಲಿ 9.5, ಲೆಸ್ ಪಾಲ್‌ನಲ್ಲಿ 12, ಜಪಾನಿನ ಕಂಪನಿ ಐಬನೆಜ್‌ನ ಹಲವು ಮಾದರಿಗಳಲ್ಲಿ ಅದಕ್ಕೂ ಚಪ್ಪಟೆ. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸಬೇಕೆಂದಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಉಬ್ಬಿದ ಹಲಗೆಯ ಮೇಲೆ ಮೊದಲ ತಂತಿಯನ್ನು ಹದಿನಾಲ್ಕನೇ ಫ್ರೆಟ್ಟಿನ ಆಸುಪಾಸಿನಲ್ಲಿ ಗಮಕಕ್ಕಾಗಿ ಒಂದೂವರೆ ಸ್ವರದಷ್ಟು ಎಳೆದರೆ, ತಂತಿ ಉಬ್ಬಿನ ನಡುಭಾಗಕ್ಕೆ ಏರಿ ಮುಂದಿನ ಫ್ರೆಟ್ಟಿಗೆ ತಗುಲಿ ನಾದ ತಟಕ್ಕನೆ ಸತ್ತುಹೋಗುತ್ತದೆ. ಕಲಿಯುವವರು ಇದನ್ನು ತಮ್ಮ ಬೆರಳಿನ ತಪ್ಪೆಂದುಕೊಂಡು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ತಂತಿಯನ್ನು ಎತ್ತರಿಸಿದರೆ ತೊಂದರೆ ನೀಗುತ್ತದೆ, ಬೆರಳು ನೋಯುತ್ತದೆ. ಆದ್ದರಿಂದ ಅಂಗಡಿಯಲ್ಲೇ ಈ ಎಳೆತವನ್ನು ಮಾಡಿ ನೋಡಿ; 'ವಿಂಟೇಜ್' ಎಂದು ಬರೆದಿರುವ ಗಿಟಾರುಗಳಲ್ಲಿ ತಪ್ಪದೆ ಮಾಡಿ.

ಮೂರನೆಯದು ಪಿಕಪ್. ಒಂದೇ ಸುರುಳಿಯ ಪಿಕಪ್ ತಂತಿಯ ಕಂಪನದೊಂದಿಗೆ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಹಂಬಕರ್‌ನಲ್ಲಿ ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ತಿರುಗುಮುರುಗಾಗಿ ಇಡುವುದರಿಂದ ಹೊರಗಿನ ಸದ್ದು ಒಂದನ್ನೊಂದು ಕಳೆದುಕೊಂಡು ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಮನೆಯ ಕೋಣೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಹೋಗಿ ನುಡಿಸುವವರ ಕಥೆ ಬೇರೆ: ಜನರೇಟರ್ ಪಕ್ಕದಲ್ಲೇ ಇರುತ್ತದೆ, ಸೀರಿಯಲ್ ಲೈಟಿನ ವೈರು ವೇದಿಕೆಯ ಕಂಬಕ್ಕೇ ಸುತ್ತಿರುತ್ತದೆ, ಅರ್ತಿಂಗ್ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ, ಹಾಡಿನ ನಡುವೆ ಎಲ್ಲರೂ ನಿಲ್ಲಿಸಿದ ಕ್ಷಣದಲ್ಲಿ ಗಿಟಾರಿನ ಗುಂಯ್ ಸದ್ದು ಊರಿಗೆಲ್ಲ ಕೇಳುತ್ತದೆ. ಇಂಥ ಕಡೆ ನುಡಿಸುವವರು ಬ್ರಿಡ್ಜಿನ ಬಳಿ ಒಂದಾದರೂ ಹಂಬಕರ್ ಇರುವ ಗಿಟಾರನ್ನೇ ಆರಿಸಬೇಕು. ಯಮಾಹಾದ ಪೆಸಿಫಿಕಾ 112ರಂಥ ಮಾದರಿಗಳು ಸ್ಟ್ರ್ಯಾಟ್‌ನ ಮೈಗೆ ಈ ಜೋಡಣೆ ಮಾಡಿಕೊಂಡು, ಎರಡೂ ಬಗೆಯ ನಾದ ಒಂದರಲ್ಲೇ ಸಿಗುವಂತೆ ಮಾಡಿದ್ದರಿಂದಲೇ ಕಲಿಯುವವರಲ್ಲಿ ಬೇರೂರಿದವು. ಅಷ್ಟು ಬಲವಾದ ವಾದಕನ ಹೆಸರೇನೂ ಅವುಗಳ ಬೆನ್ನಿಗಿರಲಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವುದು ಸುಲಭ. ಆಂಪ್ಲಿಫೈಯರಿನ ಗೇನ್ ಏರಿಸಿ, ಗಿಟಾರಿನ ವಾಲ್ಯೂಮನ್ನು ಪೂರ್ತಿ ತೆರೆದು, ತಂತಿಗಳನ್ನು ಅಂಗೈಯಿಂದ ಮುಚ್ಚಿ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಸದ್ದು ದಿಕ್ಕಿನೊಂದಿಗೆ ಏರಿಳಿಯುತ್ತದೆ. ಆಮೇಲೆ ಕೈ ತೆಗೆದು, ಮತ್ತೆ ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಗ್ರೌಂಡ್ ವೈರು ಸರಿಯಾಗಿದೆ ಎಂದರ್ಥ. ಮುಟ್ಟಿದಾಗ ಏರಿದರೆ ಒಳಗಿನ ವೈರಿಂಗ್ ತೆಗೆದು ತೋರಿಸಲು ಹೇಳಿ.

ಬ್ರಿಡ್ಜಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾಗಿದೆ: ಮೊದಲ ಗಿಟಾರಿಗೆ ಫ್ಲಾಯ್ಡ್ ರೋಸ್ ಬಗೆಯ ತೇಲುವ ಬ್ರಿಡ್ಜ್ ಬೇಡ. ನೋಡಲು ಅದು ಯಂತ್ರದಂತೆ ಆಕರ್ಷಕ, ರಾಕ್ ವಾದಕ ಸ್ಟೀವ್ ವೈಗಾಗಿ ಐಬನೆಜ್ 1987ರಲ್ಲಿ ತಂದ ಜೆಮ್ ಮಾದರಿಯಿಂದ ಅದರ ಕೀರ್ತಿ ಇನ್ನಷ್ಟು ಹೆಚ್ಚಿತು. ತಂತಿಗಳ ಎಳೆತ ಮತ್ತು ಹಿಂಬದಿಯ ಸ್ಪ್ರಿಂಗುಗಳ ಎಳೆತದ ಸಮತೋಲದ ಮೇಲೆ ಅದು ನಿಂತಿರುವುದರಿಂದ, ನುಡಿಸುತ್ತಿರುವಾಗ ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ಏರಿ ಕೂರುತ್ತವೆ. ಎರಡನೇ ಗಿಟಾರ್ ಇಲ್ಲದ ವಾದಕನಿಗೆ ಆ ಹಾಡು ಅಲ್ಲಿಗೆ ಮುಗಿದಂತೆ.

ತೂಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಲ್ಟು ಹಾಕಿಕೊಂಡು ಕಾಲು ಗಂಟೆ ನಿಂತು ನೋಡಿ.

ಜಾಹೀರಾತಿನ ಮಾತನ್ನು ಅರ್ಥೈಸಿಕೊಳ್ಳುವುದು

ಫೆಂಡರ್‌ನ ಹಳೆಯ ಬಣ್ಣಗಳಲ್ಲಿ ಹಲವು ಡ್ಯೂಪಾಂಟ್ ಕಂಪನಿಯ ಕಾರಿನ ಪೇಂಟುಗಳು. ಫಿಯೆಸ್ಟಾ ರೆಡ್, ಲೇಕ್ ಪ್ಲ್ಯಾಸಿಡ್ ಬ್ಲೂ ಎಂಬ ಹೆಸರುಗಳೂ ಅಲ್ಲಿಂದಲೇ ಬಂದವು. ಅಂದು ಆ ಬಣ್ಣಕ್ಕೆ ಮೂಲಬೆಲೆಯ ಮೇಲೆ ನೂರಕ್ಕೆ ಐದರಷ್ಟು ಹೆಚ್ಚು ಕೊಡಬೇಕಾಗಿತ್ತು. ಬಣ್ಣದಿಂದ ನಾದ ಬದಲಾಗುವುದಿಲ್ಲವೆಂದು ಅದನ್ನು ತಳ್ಳಿಹಾಕುವುದೂ ಸರಿಯಲ್ಲ. ಹದಿನಾಲ್ಕರ ಹುಡುಗಿ ತನಗೆ ಇಷ್ಟವಾದ ಬಣ್ಣದ ಗಿಟಾರನ್ನು ಹೆಚ್ಚು ಸಲ ಕೈಗೆತ್ತಿಕೊಳ್ಳುತ್ತಾಳೆ. ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವೇನಿಲ್ಲ.

ಮರದ ಹೊಗಳಿಕೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ಮೈಸೂರಿನ ಕುಸುರಿ ಕೆಲಸಕ್ಕೆ ಹೆಸರಾದ ಬೀಟೆ ಮರವೇ ಜಗತ್ತಿನ ಅಸಂಖ್ಯ ಗಿಟಾರ್‌ಗಳ ಬೆರಳುಹಲಗೆ. 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವು ಆ ಕುಲದ ಎಲ್ಲ ಮರಗಳನ್ನೂ ನಿಯಂತ್ರಣಕ್ಕೆ ತಂದಾಗ, ಪ್ರತಿ ಸಾಗಣೆಗೂ ಪರವಾನಗಿಯ ತಾಪತ್ರಯ ತಪ್ಪಿಸಿಕೊಳ್ಳಲು ಹಲವು ಕಂಪನಿಗಳು ಬೇರೆ ಮರಗಳಿಗೆ ಬದಲಾದವು. ಕೂಡಲೇ ಆ ಹೊಸ ಮರಗಳ ನಾದದ ಗುಣಗಾನ ಶುರುವಾಯಿತು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೂ ಕಡಿಮೆ ಬೆಲೆಯ ಹಲವು ಮಾದರಿಗಳಲ್ಲಿ ಬದಲಿ ಮರಗಳು ಉಳಿದವು. ಫೆಂಡರ್ ಮತ್ತು ಗಿಬ್ಸನ್ ಕಂಪನಿಗಳ ಕಡಿಮೆ ಬೆಲೆಯ ಹೆಸರುಗಳಾದ ಸ್ಕ್ವಯರ್ ಮತ್ತು ಎಪಿಫೋನ್ ಗಿಟಾರ್‌ಗಳ ವಿವರಪಟ್ಟಿಯಲ್ಲಿ ಕಾಣುವ 'ಇಂಡಿಯನ್ ಲಾರೆಲ್' ನಮ್ಮ ಮತ್ತಿ ಮರದ ಜಾತಿಯದ್ದೇ. ಗಟ್ಟಿಮುಟ್ಟಾದ ಒಳ್ಳೆಯ ಮರ ಅದು. ಆದರೆ ಅದು ಗಿಟಾರಿಗೆ ಬಂದದ್ದು ಕಾಗದಪತ್ರದ ಕಾರಣದಿಂದ ಎಂಬುದು ಗೊತ್ತಿದ್ದರೆ ವಿಶೇಷಣಗಳಿಗೆ ಮರುಳಾಗುವುದು ತಪ್ಪುತ್ತದೆ.

ಹೆಸರುಗಳಲ್ಲೂ ತಂತ್ರವಿರುತ್ತದೆ. ಕೋಲ್ಕತ್ತಾದ ಗಿವ್ಸನ್, ಹೋಬ್ನರ್ ಎಂಬ ಹೆಸರುಗಳನ್ನು ಕೇಳಿದೊಡನೆ ಗಿಬ್ಸನ್, ಜರ್ಮನಿಯ ಹಾಫ್ನರ್ ನೆನಪಾಗುತ್ತವೆ. ನಮ್ಮಲ್ಲಿ ಎಷ್ಟೋ ಜನ ಗಿಟಾರ್ ಕಲಿತದ್ದು ಇಂಥ ಅಗ್ಗದ ವಾದ್ಯಗಳಲ್ಲೇ. ಇನ್ನು ಇಂಡೊನೇಷ್ಯಾದಲ್ಲಿರುವ ಕೊರಿಯಾ ಮೂಲದ ಕಾರ್ಟ್ ಕಂಪನಿಯ ಕಾರ್ಖಾನೆ ತನ್ನದೇ ಹೆಸರಿನ ಗಿಟಾರ್‌ಗಳ ಜೊತೆಗೆ ಸ್ಕ್ವಯರ್ ಗಿಟಾರ್‌ಗಳನ್ನೂ ಪಿಆರ್‌ಎಸ್‌ನ ಎಸ್‌ಇ ಎಂಬ ಕಡಿಮೆ ಬೆಲೆಯ ಸಾಲನ್ನೂ ತಯಾರಿಸಿದೆ. ಒಂದೇ ಕಾರ್ಖಾನೆಯದೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಬಿಡಿಭಾಗ ಯಾವುದು ಹಾಕಬೇಕು, ತಪಾಸಣೆ ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಮಾಡಿಸಿಕೊಳ್ಳುವ ಕಂಪನಿ ನಿರ್ಧರಿಸುತ್ತದೆ. ಆದರೂ ಎರಡು ಹೆಸರುಗಳ ನಡುವೆ ಬೆಲೆ ದುಪ್ಪಟ್ಟಿದ್ದರೆ, ಬಿರಡೆ, ಪಿಕಪ್, ಫ್ರೆಟ್ಟಿನ ಅಂಚು ಇವುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ನೋಡುವುದು ಉಚಿತ.

ಜನಪ್ರಿಯ ಮಾದರಿಯಿಂದ ಸಿಗುವ ನಿಜವಾದ ಅನುಕೂಲ

ಇಷ್ಟೆಲ್ಲ ಹೇಳಿದ ಮೇಲೂ ಹೊಸಬರಿಗೆ ನಾನು ಜನಪ್ರಿಯ ಆಕಾರವನ್ನೇ ಸೂಚಿಸುತ್ತೇನೆ. ಸ್ಟ್ರ್ಯಾಟ್‌ನ ಮೈಯ ಆಕಾರದ ಮೇಲೆ ತನಗೊಬ್ಬನಿಗೇ ಹಕ್ಕಿದೆ ಎಂಬ ಫೆಂಡರ್‌ನ ಕೋರಿಕೆಯನ್ನು ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 2009ರಲ್ಲಿ ಒಪ್ಪಲಿಲ್ಲ. ಬಿರಡೆಗಳಿರುವ ತಲೆಯ ಆಕಾರ ಮಾತ್ರ ಕಂಪನಿಯದಾಗಿ ಉಳಿಯಿತು. ದಶಕಗಳ ಕಾಲ ಎಲ್ಲರೂ ಆ ಮೈಯನ್ನು ನಕಲು ಮಾಡಿದ್ದರಿಂದ ಅದರ ಬಿಡಿಭಾಗಗಳ ಅಳತೆಗಳು ಹೆಚ್ಚುಕಡಿಮೆ ಸಾರ್ವತ್ರಿಕವಾಗಿವೆ. ಸ್ವಿಚ್, ಜ್ಯಾಕ್, ಪಿಕ್‌ಗಾರ್ಡ್, ಪಿಕಪ್, ಯಾವುದು ಕೆಟ್ಟರೂ ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ತರಿಸಬಹುದು, ರೇಡಿಯೊ-ಟಿವಿ ರಿಪೇರಿ ಬಲ್ಲವರು ಬೆಸುಗೆ ಹಾಕಿಕೊಡುತ್ತಾರೆ. ಅಪರೂಪದ ಆಕಾರದ ಗಿಟಾರಿನ ಬ್ರಿಡ್ಜ್ ಮುರಿದರೆ ಈ ಅನುಕೂಲ ಇಲ್ಲ. ಕಲಿಕೆ ಬಿಟ್ಟು ಮಾರಲು ಹೊರಟಾಗಲೂ ಹೆಸರಿರುವ ಮಾದರಿಗೆ ಗಿರಾಕಿ ಬೇಗ ಸಿಗುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಲೆಸ್ ಪಾಲ್ ಬಗೆಯ ಗಿಟಾರುಗಳಲ್ಲಿ ಒಂದು ಜಾಗವನ್ನು ತಪ್ಪದೆ ನೋಡಬೇಕು. ಗಿಬ್ಸನ್‌ಗಳಲ್ಲಿ ತಲೆಯು ಹಿಂದಕ್ಕೆ ಸುಮಾರು 17 ಡಿಗ್ರಿ ಬಾಗಿರುತ್ತದೆ. ನೆಕ್ಕಿನ ಒಳಗಿನ ಕಂಬಿಗಾಗಿ ಮರ ಕೊರೆದಿರುವುದೂ ಅಲ್ಲೇ ಆದ್ದರಿಂದ ನಟ್‌ನ ಹಿಂಭಾಗ ಬಲಹೀನವಾಗಿರುತ್ತದೆ, ಸ್ಟ್ಯಾಂಡಿನಿಂದ ಬಿದ್ದರೆ ಅಲ್ಲೇ ಸೀಳುತ್ತದೆ. ಈ ದೋಷ ಕಂಪನಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಆದರೆ ಆ ಬಾಗು ಮಾದರಿಯ ಗುರುತಾಗಿಬಿಟ್ಟಿರುವುದರಿಂದ ಬದಲಿಸುವ ಧೈರ್ಯ ಯಾರಿಗೂ ಇಲ್ಲ. ಗಿಟಾರನ್ನು ಬೋರಲು ಹಾಕಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನಟ್‌ನ ಹಿಂದಿನ ಮೂರು ಬೆರಳಗಲದ ಜಾಗವನ್ನು ನೋಡಿ. ಕೂದಲೆಳೆಯಂಥ ಗೆರೆ ಅಥವಾ ಹೊಳಪಿನಲ್ಲಿ ವ್ಯತ್ಯಾಸ ಕಂಡರೆ ಉಗುರಿನಿಂದ ಅಡ್ಡಲಾಗಿ ಸವರಿ. ಉಗುರು ತಡೆದರೆ ಅದು ಬಿರುಕು ಅಥವಾ ಹಿಂದೆ ಅಂಟಿಸಿದ ಗುರುತು. ಚೆನ್ನಾಗಿ ಅಂಟಿಸಿದ ನೆಕ್ ವರ್ಷಗಟ್ಟಲೆ ಬಾಳುತ್ತದೆ, ಆದರೆ ಅಂಥ ಗಿಟಾರಿನ ಬೆಲೆ ಅರ್ಧದ ಆಸುಪಾಸಿಗೆ ಇಳಿಯಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ಗಿಟಾರ್ ನೋಡಿ.